ಏರಿಯಾದ ಹೋಟೆಲಿನವರೆಲ್ಲ ಸೇರಿ ದೋಸೆ ರೇಟು ಒಂದೇ ಮಾಡಿದ್ರೆ ಅದು ಕಾರ್ಟೆಲ್ ಆಗ್ತದಾ?

ಡೊಂಬಿವಲಿ ಶೆಟ್ಟಿ

ಎಲ್ಲರಿಗೂ ನಮಸ್ಕಾರ. ಒಂದು ತಲೆಬಿಸಿ ಉಂಟು, ಕಾನೂನು ಗೊತ್ತಿದ್ದವರು ದಯವಿಟ್ಟು ಹೇಳಿ.

ನಮ್ಮದು ಸ್ಟೇಷನ್ ಹತ್ತಿರ ಸಣ್ಣ ಉಡುಪಿ ಹೋಟೆಲ್. ಸುತ್ತಮುತ್ತ ನಮ್ಮಂಥದ್ದೇ ಹದಿನೈದು-ಇಪ್ಪತ್ತು ಉಂಟು, ಹೆಚ್ಚಿನವರು ಊರಿನ ಕಡೆಯವರೇ. ಕಮರ್ಷಿಯಲ್ ಸಿಲಿಂಡರ್, ಎಣ್ಣೆ, ತೆಂಗಿನಕಾಯಿ, ಹುಡುಗರ ಸಂಬಳ ಎಲ್ಲ ಮೇಲೆ ಹೋಗಿದೆ, ಗಲ್ಲಾದಲ್ಲಿ ಏನೂ ಉಳಿಯುವುದಿಲ್ಲ. ಒಬ್ಬ ರೇಟು ಏರಿಸಿದ್ರೆ ಗಿರಾಕಿ ಪಕ್ಕದವನ ಹತ್ರ ಹೋಗ್ತಾನೆ ಅಂತ ಯಾರೂ ಏರಿಸುವುದಿಲ್ಲ. ಕೊನೆಗೆ ಎಲ್ಲ ಸೇರಿ ಮೀಟಿಂಗ್ ಮಾಡಿದ್ರು. ಬರುವ ತಿಂಗಳಿಂದ ಮಸಾಲೆ ದೋಸೆ, ಇಡ್ಲಿ-ವಡೆ, ಚಾಗೆ ಒಂದು ಕನಿಷ್ಠ ರೇಟು, ಅದಕ್ಕಿಂತ ಕೆಳಗೆ ಯಾರೂ ಮಾರಬಾರದು. ಮಾರಿದ್ರೆ ಅವರಿಗೆ ಸಂಘದಿಂದ ಯಾವ ಸಹಾಯವೂ ಇಲ್ಲ, ಸಪ್ಲೈಯರ್‌ಗಳಿಗೂ ಹೇಳುವುದು. ಮತ್ತೆ, ಡೆಲಿವರಿ ಆ್ಯಪಿನವರು ಕಮಿಷನ್ ಇಳಿಸುವವರೆಗೆ ಎಲ್ಲರೂ ಒಂದೇ ದಿನ ಆ್ಯಪ್ ಬಂದ್ ಮಾಡುವುದು. ಇದನ್ನೆಲ್ಲ ಮಿನಿಟ್ಸ್ ಬುಕ್ಕಲ್ಲಿ ಬರೆದು ಸಹಿಗೆ ಕಳಿಸಿದ್ದಾರೆ.

ನಮ್ಮ ಸಿಎ ನೋಡಿ, "ಶೆಟ್ರೇ, ಇದಕ್ಕೆ ಸಹಿ ಹಾಕಬೇಡಿ, ಇದು ಕಾರ್ಟೆಲ್, ಅಂದ್ರೆ ಪೈಪೋಟಿ ಬಿಟ್ಟು ವ್ಯಾಪಾರಿಗಳು ಒಟ್ಟಾಗಿ ರೇಟು ಕಟ್ಟುವ ಕೂಟ ಆಗ್ತದೆ, ಸ್ಪರ್ಧಾ ಕಾಯ್ದೆಯಲ್ಲಿ ಸಿಕ್ಕಿ ಬೀಳ್ತೀರಿ" ಅಂದ್ರು. ಹತ್ತು ಟೇಬಲ್ಲಿನ ಹೋಟೆಲಿಗೂ ಆ ಕಾಯ್ದೆ ಬರ್ತದಾ? ಅದು ದೊಡ್ಡ ದೊಡ್ಡ ಕಂಪನಿಗಳಿಗೆ ಇರುವುದಲ್ವಾ? ಆ್ಯಪಿನವರು ಬಿಲ್ಲಿನ ಕಾಲು ಭಾಗ ಹಿಡಿದುಕೊಂಡ್ರೆ ಅದು ಬಿಸಿನೆಸ್, ನಾವು ಐದು ರೂಪಾಯಿ ಏರಿಸಿದ್ರೆ ಅಪರಾಧವಾ?

ವಾಶಿ ರಾವ್

ಸಿಎ ಹೇಳಿದ್ದು ಸರಿ. ಸಹಿ ಹಾಕ್ಬೇಡಿ.

ಮಾಟುಂಗಾ ಭಟ್

ಸುಮ್ಮನೆ ಹೆದರಿಸಬೇಡಿ ಮಾರಾಯ್ರೆ. ನಾನು ಚಿಕ್ಕಂದಿನಿಂದ ನೋಡ್ತಾ ಬಂದಿದ್ದೇನೆ, ಹೋಟೆಲಿನವರು ಕೂತು ಮಾತಾಡಿಯೇ ರೇಟು ಏರಿಸುವುದು. ತಬೇಲಾ ಹಾಲಿನವರು ರೇಟು ಏರಿಸ್ತೇವೆ ಅಂತ ಪೇಪರಲ್ಲೇ ಹೇಳ್ತಾರೆ. ರಿಕ್ಷಾ ಎಲ್ಲ ಒಂದೇ ಮೀಟರ್. ಕ್ಷೌರದ ಅಂಗಡಿಯಲ್ಲಿ ಸಂಘದ ಬೋರ್ಡೇ ನೇತಾಡ್ತದೆ. ಅವರನ್ನೆಲ್ಲ ಯಾರು ಹಿಡಿದ್ರು? ಸಣ್ಣವರು ಒಟ್ಟಾಗದಿದ್ರೆ ಬದುಕುವುದು ಹೇಗೆ?

ಫೋರ್ಟ್ ವಕೀಲೆ

ನಾನು ಇದೇ ವಿಷಯದಲ್ಲಿ ಕೆಲಸ ಮಾಡೋಳು, ಸ್ವಲ್ಪ ಉದ್ದ ಬರೀತೀನಿ.

ಶೆಟ್ರೇ, ಕಾಯ್ದೆಗೆ ಹೋಟೆಲಿನ ಅಳತೆ ಮುಖ್ಯ ಅಲ್ಲ. ಸ್ಪರ್ಧಾ ಕಾಯ್ದೆ 2002ರ ಸೆಕ್ಷನ್ 3(3) ಓದಿ. ಒಂದೇ ವ್ಯಾಪಾರದಲ್ಲಿರೋರು, ಅಥವಾ ಅವರ ಸಂಘ, ಬೆಲೆಯನ್ನು ನೇರವಾಗಿಯೋ ಬಳಸುದಾರಿಯಲ್ಲೋ ನಿಗದಿ ಮಾಡಿದ್ರೆ, ಸ್ಪರ್ಧೆಗೆ ಧಕ್ಕೆ ಆಗಿದೆ ಅಂತ ಕಾನೂನೇ ಮೊದಲು ಊಹಿಸಿಕೊಳ್ಳುತ್ತೆ. ಆಗಿಲ್ಲ ಅಂತ ತೋರಿಸೋ ಭಾರ ನಿಮ್ಮ ಮೇಲೆ ಬೀಳುತ್ತೆ. ಬೇರೆ ಥರದ ಒಪ್ಪಂದಗಳಲ್ಲಿ ಸ್ಪರ್ಧಾ ಆಯೋಗ, ಅಂದ್ರೆ ಈ ಕಾಯ್ದೆ ಜಾರಿ ಮಾಡೋ ಸಂಸ್ಥೆ, ಮಾರುಕಟ್ಟೆ ಅಳೆದು, ಲಾಭ-ನಷ್ಟ ತೂಗಿ ನೋಡಬೇಕು. ಬೆಲೆ ಒಪ್ಪಂದದಲ್ಲಿ ಆ ಕೆಲಸ ಆಯೋಗಕ್ಕಿಲ್ಲ.

ಮೊದಲು ಇದ್ದಿದ್ದು 1969ರ ಎಂಆರ್‌ಟಿಪಿ ಕಾಯ್ದೆ, ಅಂದ್ರೆ ಏಕಸ್ವಾಮ್ಯ ತಡೆಯೋ ಕಾಯ್ದೆ. ಅದರ ಕಣ್ಣಿದ್ದಿದ್ದು ಗಾತ್ರದ ಮೇಲೆ: 20 ಕೋಟಿ ರೂಪಾಯಿ ಆಸ್ತಿ ದಾಟಿದರೆ ಸರ್ಕಾರದ ಅನುಮತಿ ಬೇಕಿತ್ತು, 1985ರಲ್ಲಿ ಆ ಮಿತಿ 100 ಕೋಟಿ ಆಯ್ತು, 1991ರಲ್ಲಿ ತೆಗೆದೇಬಿಟ್ಟರು. ಹೊಸ ಕಾಯ್ದೆಯಲ್ಲಿ ದೊಡ್ಡದಾಗಿರೋದು ತಪ್ಪಲ್ಲ, ದೊಡ್ಡಸ್ತಿಕೆಯನ್ನ ದುರುಪಯೋಗ ಮಾಡಿಕೊಳ್ಳೋದು ತಪ್ಪು, ಅದು ಸೆಕ್ಷನ್ 4. ಆದರೆ ಸೆಕ್ಷನ್ 3ಕ್ಕೆ ದೊಡ್ಡವರು ಸಣ್ಣವರು ಅನ್ನೋ ಭೇದ ಇಲ್ಲ.

ಭಟ್ರೇ, ರಿಕ್ಷಾ ಉದಾಹರಣೆ ಇಲ್ಲಿ ಹೊಂದಲ್ಲ. ಆ ದರ ರಿಕ್ಷಾದವರು ಕೂತು ಮಾಡಿದ್ದಲ್ಲ, ಸಾರಿಗೆ ಪ್ರಾಧಿಕಾರ ನಿಗದಿ ಮಾಡೋದು. ಇನ್ನು ಮೊದಲಿಂದ ಹೀಗೇ ಮಾಡ್ತಿದ್ವಿ ಅನ್ನೋ ಮಾತು. ಸೆಕ್ಷನ್ 3 ಮತ್ತು 4 ಜಾರಿಗೆ ಬಂದಿದ್ದು 2009ರ ಮೇ 20ಕ್ಕೆ. ಅದಕ್ಕಿಂತ ಹಿಂದಿನ ರೂಢಿ ಈಗ ರಕ್ಷಣೆ ಕೊಡಲ್ಲ.

ಪುಣೆ ಕುಲಕರ್ಣಿ

ವಕೀಲರ ಮಾತು ಒಪ್ಪಿದೆ, ಆದ್ರ ಅರ್ಥಶಾಸ್ತ್ರದ ಕಡೆಯಿಂದ ಒಂದು ಮಾತು ಕೇಳ್ತೀನ್ರಿ. ದೋಸೆ ಹೋಟೆಲ್ಲು ಕಾರ್ಟೆಲ್ ಮಾಡಿದ್ರ ನಡೀತದೇನು? ಇವತ್ತು ಇಪ್ಪತ್ತು ಮಂದಿ ರೇಟು ಏರಿಸಿದ್ರ ನಾಳೆ ಯಾರೋ ಒಬ್ರು ಮೂಲಿಯೊಳಗ ಗಾಡಿ ಹಚ್ಚಿ ಕಡಿಮಿಗೆ ಕೊಡ್ತಾರ. ಲೈಸನ್ಸ್ ತಗೊಂಡು ಹೊಸ ಹೋಟೆಲ್ ತೆಗೀಲಿಕ್ಕೆ ಸಿಮೆಂಟ್ ಫ್ಯಾಕ್ಟರಿ ಹಂಗ ಸಾವಿರಾರು ಕೋಟಿ ಬೇಕಾಗಂಗಿಲ್ಲ. ಒಳಗ ಬರೋ ಬಾಗಿಲಾ ತೆರೆದಿದ್ದಾಗ ಕಾರ್ಟೆಲ್ ತಾನಾಗೇ ಒಡೀತದ. ಗಿರಾಕಿಗೆ ಹಾನಿ ಎಲ್ಲಿ ಬಂತು?

2012ರಾಗ ಆಯೋಗ 11 ಸಿಮೆಂಟ್ ಕಂಪನಿ ಮತ್ತ ಅವರ ಸಂಘಕ್ಕ 6,300 ಕೋಟಿ ರೂಪಾಯಿ ಮ್ಯಾಲೆ ದಂಡ ಹಾಕಿತು. ಅದು ಸರಿ. ಮನಿ ಕಟ್ಟಾಂವಗ ಸಿಮೆಂಟ್ ಬಿಟ್ರ ಬ್ಯಾರೆ ದಾರಿ ಇಲ್ಲ. ದೋಸೆ ತುಟ್ಟಿ ಆದ್ರ ವಡಾಪಾವ್ ತಿಂತಾನ.

ಮುಲುಂಡ್ ಮೇಷ್ಟ್ರು

ಕುಲಕರ್ಣಿಯವರೇ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ನೀವು ಹೇಳಿದ್ದು ಪಾಠದ ಅರ್ಧ.

ಕಾರ್ಟೆಲ್ಲಿಗೆ ಹೊರಗಿನವರ ಭಯಕ್ಕಿಂತ ಒಳಗಿನವರ ಭಯ ಹೆಚ್ಚು. ಎಲ್ಲರೂ ಏರಿಸಿದಾಗ ಒಬ್ಬ ಗುಟ್ಟಾಗಿ ಇಳಿಸಿದರೆ ಗಿರಾಕಿಗಳೆಲ್ಲ ಅವನಲ್ಲಿಗೆ. ಹಾಗಾಗಿ ಪ್ರತಿಯೊಬ್ಬನಿಗೂ ಮಾತು ಮುರಿಯುವ ಆಸೆ. ಆ ಆಸೆಯನ್ನು ಹಿಡಿದಿಡಲು ಎರಡು ಬೇಕು: ಯಾರು ಮುರಿದರು ಎಂದು ಗೊತ್ತಾಗುವ ವ್ಯವಸ್ಥೆ, ಮುರಿದವರಿಗೆ ಶಿಕ್ಷೆ. ಶೆಟ್ಟರ ಸಂಘದ ನಿರ್ಣಯದಲ್ಲಿ ಎರಡೂ ಇವೆ! ಬೋರ್ಡಿನ ರೇಟು ಎಲ್ಲರಿಗೂ ಕಾಣುತ್ತದೆ, ಮುರಿದವನಿಗೆ ಸಪ್ಲೈಯರ್ ಮೂಲಕ ಏಟು. ನನ್ನ ಮಟ್ಟಿಗೆ ರೇಟಿನ ಸಾಲಿಗಿಂತ ಸಪ್ಲೈಯರ್ ಸಾಲು ಕೆಟ್ಟದ್ದು. ಹೊಸದಾಗಿ ಹೋಟೆಲ್ ಹಾಕಬೇಕೆನ್ನುವ ಹುಡುಗನಿಗೂ ಅದೇ ಅಡ್ಡಿ ಬರುತ್ತದೆ, ನೀವು ಹೇಳುವ ತೆರೆದ ಬಾಗಿಲನ್ನೂ ಅದೇ ಮುಚ್ಚುತ್ತದೆ.

ಠಾಣೆ ಅಕ್ಕ

ನಾನು ಗಿರಾಕಿ. ಇಷ್ಟೊತ್ತು ಯಾರಾದ್ರೂ ನಮ್ಮನ್ನ ಕೇಳಿದ್ರಾ? ಬೆಳಿಗ್ಗೆ ಲೋಕಲ್ ಹಿಡಿಯೋ ಮುಂಚೆ ಇಡ್ಲಿ ತಿನ್ನೋರಲ್ಲಿ ಸಾವಿರಾರು ಜನ ಕಡಿಮೆ ಸಂಬಳದೋರು. ಎಲ್ಲಾ ಹೋಟೆಲೂ ಒಂದೇ ದಿನ ಏರಿಸಿದ್ರೆ ನಮಗೆ ಹೋಗೋಕೆ ಇನ್ನೊಂದು ಜಾಗ ಎಲ್ಲಿದೆ? ಖರ್ಚು ಹೆಚ್ಚಾದ್ರೆ ಏರಿಸಿ, ಬೇಡ ಅನ್ನಲ್ಲ. ನಿಮ್ಮ ಖರ್ಚು ನೋಡಿ ನೀವು ಏರಿಸಿ.

ಮಡಗಾಂವ್ ಸ್ಟಾಕಿಸ್ಟ್

ಸಣ್ಣವರಿಗೆ ಏನೂ ಆಗಲ್ಲ ಅನ್ನುವವರು ಗೋವಾದ ಕಥೆ ಕೇಳಿ. ನಾನು ಗದಗಿನವ, ಇಲ್ಲಿ ಔಷಧಿ ಹೋಲ್‌ಸೇಲ್ ಲೈನಿನಲ್ಲಿ ಇದ್ದೇನೆ.

ಔಷಧಿ ವ್ಯಾಪಾರದಲ್ಲಿ ಮೊದಲು ಏನಿತ್ತೆಂದರೆ, ಕಂಪನಿಯೊಂದು ಹೊಸ ಸ್ಟಾಕಿಸ್ಟ್, ಅಂದರೆ ಹೋಲ್‌ಸೇಲ್ ವಿತರಕನನ್ನು, ನೇಮಿಸಬೇಕಾದರೆ ಕೆಮಿಸ್ಟ್ ಸಂಘದ ಎನ್‌ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ಬೇಕು. ಎನ್‌ಒಸಿ ಇಲ್ಲದಿದ್ದರೆ ಮಾಲು ಇಲ್ಲ. ಮಾರ್ಜಿನ್ ಕೂಡ ಸಂಘವೇ ಹಿಡಿದಿಟ್ಟಿತ್ತು. ಸರ್ಕಾರದ ಬೆಲೆ ನಿಯಂತ್ರಣದಲ್ಲಿಲ್ಲದ ಔಷಧಿಗೆ ಹೋಲ್‌ಸೇಲ್‌ನವರಿಗೆ 10, ರೀಟೇಲ್‌ನವರಿಗೆ 20 ಪರ್ಸೆಂಟ್. ಗಿರಾಕಿಗೆ ಡಿಸ್ಕೌಂಟ್ ಕೊಟ್ಟರೆ ಸಂಘಕ್ಕೆ ಸಿಟ್ಟು. ಇದರ ವಿರುದ್ಧ ವಾರ್ಕಾದ ಒಂದು ಔಷಧಿ ಅಂಗಡಿ ಮತ್ತಿತರರು ದೂರು ಕೊಟ್ಟರು. ದೂರು ಕೊಟ್ಟಿದ್ದು ಹಳೇ ಎಂಆರ್‌ಟಿಪಿ ಕಾಲದಲ್ಲಿ, ಆಮೇಲೆ ಸ್ಪರ್ಧಾ ಆಯೋಗಕ್ಕೆ ವರ್ಗ ಆಯಿತು. 2012ರ ಜೂನ್‌ನಲ್ಲಿ ಗೋವಾದ ಕೆಮಿಸ್ಟ್ ಸಂಘದ ವಿರುದ್ಧ ಆದೇಶ ಬಂತು, ದಂಡವೂ ಬಿತ್ತು. 2014ರಲ್ಲಿ ಅದೇ ಸಂಘದ ಮೇಲೆ ಇನ್ನೊಂದು ಆದೇಶ.

ಸಂಘದ ಸದಸ್ಯರೆಲ್ಲ ಅಂಬಾನಿಗಳೇನಲ್ಲ, ಓಣಿಯ ಮೆಡಿಕಲ್ ಶಾಪಿನವರು. ನಿಮ್ಮ "ಸಪ್ಲೈಯರ್‌ಗೆ ಹೇಳುವುದು" ಮತ್ತು ನಮ್ಮ ಎನ್‌ಒಸಿ ಎರಡೂ ಒಂದೇ ಕೆಲಸ ಮಾಡುತ್ತವೆ.

ವಾಶಿ ರಾವ್

ಕರ್ನಾಟಕದಲ್ಲೂ ಇದೇ ಆಗಿದೆ. ಬೆಂಗಳೂರಿನ ಮಾರುತಿ ಅಂಡ್ ಕಂಪನಿ ಕೊಟ್ಟ ದೂರಿನ ಮೇಲೆ 2016ರಲ್ಲಿ ಕರ್ನಾಟಕದ ಕೆಮಿಸ್ಟ್ ಸಂಘದ ಮೇಲೆ ಆದೇಶ ಬಂತು.

ಕೊಥ್ರೂಡ್ ಹುಡ್ಗ

ಸಂಘ ಅಂದಾಗ ಡಬ್ಬಿಂಗ್ ಕೇಸ್ ಮರೆತ್ರಾ? ಕನ್ನಡ ಗ್ರಾಹಕರ ಕೂಟ ಹೋಗಿ ಆಯೋಗದಲ್ಲಿ ದೂರು ಕೊಟ್ಟಿದ್ದು. 2015ರ ಜುಲೈನಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಇನ್ನಿತರ ಸಂಘಗಳಿಗೂ ದಂಡ. ಡಬ್ಬಿಂಗ್ ಬೇಡ ಅಂತ ಯಾವ ಕಾನೂನೂ ಇರ್ಲಿಲ್ಲ, ಸಂಘದವರೇ ಸೇರಿ ತಡೆದಿದ್ರು. ಆ ಆದೇಶ ಬರದೇ ಇದ್ದಿದ್ರೆ ಪುಣೆಯಲ್ಲಿ ಹುಟ್ಟಿದ ನನ್ನ ತಂಗಿಯ ಮಕ್ಕಳು ಕಾರ್ಟೂನನ್ನ ಹಿಂದಿಯಲ್ಲೇ ನೋಡ್ಬೇಕಿತ್ತು.

ಮಾಟುಂಗಾ ಭಟ್

ಡಬ್ಬಿಂಗ್ ಬೇರೆ. ಅಲ್ಲಿ ಭಾಷೆ, ಕಲಾವಿದರ ಹೊಟ್ಟೆಪಾಡು ಎರಡೂ ಇತ್ತು. ಎಲ್ಲವನ್ನೂ ಮಾರುಕಟ್ಟೆ ಅಂತ ನೋಡಿದ್ರೆ ನಾಳೆ ಯಕ್ಷಗಾನ ಮೇಳಕ್ಕೂ ನೋಟಿಸ್ ಬಂದೀತು.

ಕೊಥ್ರೂಡ್ ಹುಡ್ಗ

ಭಟ್ರೇ, ಹೊಟ್ಟೆಪಾಡಿನ ವಾದ ಬಂಗಾಳದಲ್ಲೂ ಮಾಡಿದ್ರು. ಮಹಾಭಾರತ ಸೀರಿಯಲ್ ಬಂಗಾಳಿಗೆ ಡಬ್ ಮಾಡೋದನ್ನ ಅಲ್ಲಿನ ಕಲಾವಿದರ, ತಂತ್ರಜ್ಞರ ಸಮಿತಿ ತಡೆದಿತ್ತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಕಡೆಗೇ ತೀರ್ಪು ಕೊಡ್ತು. ಬೇಡ ಅನ್ನೋರು ನೋಡ್ಬೇಡಿ, ನೋಡೋರನ್ನ ಸಂಘ ಕಟ್ಟಿ ತಡೀಬೇಡಿ ಅನ್ನೋದಷ್ಟೇ ನನ್ನ ವಾದ.

ಫೋರ್ಟ್ ವಕೀಲೆ

ಡಬ್ಬಿಂಗ್ ಚರ್ಚೆ ಬೇರೆ ಕಡೆ ಮುಂದುವರಿಸಿ, ಶೆಟ್ರ ಮೂರನೇ ನಿರ್ಣಯಕ್ಕೆ, ಅಂದ್ರೆ ಆ್ಯಪ್ ಬಂದ್ ವಿಷಯಕ್ಕೆ ಬರ್ತೀನಿ, ಅದಕ್ಕೆ ಇದೇ ಮುಂಬೈನಲ್ಲಿ ನೇರ ಉದಾಹರಣೆ ಇದೆ.

2009ರ ಏಪ್ರಿಲ್‌ನಿಂದ ಜೂನ್‌ವರೆಗೆ ಹಿಂದಿ ಸಿನಿಮಾ ನಿರ್ಮಾಪಕರೂ ವಿತರಕರೂ ಒಟ್ಟಾಗಿ ಮಲ್ಟಿಪ್ಲೆಕ್ಸ್‌ಗೆ ಹೊಸ ಸಿನಿಮಾ ಕೊಡೋದು ನಿಲ್ಲಿಸಿದ್ರು. ಟಿಕೆಟ್ ಹಣದಲ್ಲಿ ಹೆಚ್ಚು ಪಾಲು ಬೇಕು ಅನ್ನೋದು ಬೇಡಿಕೆ. ಶೆಟ್ರು ಹೇಳ್ತಿರೋ ಹಾಗೇ ನ್ಯಾಯ ಕೇಳ್ತಿದೀವಿ ಅಂತ ಅವರಿಗೂ ಅನಿಸಿತ್ತು. ಮುಷ್ಕರದ ನಡುವೆ, ಮೇ 20ಕ್ಕೆ, ಕಾಯ್ದೆ ಜಾರಿಗೆ ಬಂತು. ಶುರುವಾಗಿದ್ದು ಅದಕ್ಕೆ ಮುಂಚೆ ಆದ್ರೂ, ಜಾರಿಯಾದ ಮೇಲೂ ಮುಂದುವರಿಯಿತಲ್ಲ, ಅಷ್ಟು ಸಾಕಾಯ್ತು. 2011ರಲ್ಲಿ 27 ಮಂದಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ. ಮೊತ್ತ ಚಿಕ್ಕದು. ಆದರೆ ಎದುರಿನವನು ಬಲಶಾಲಿ ಅನ್ನೋ ಕಾರಣ ಒಟ್ಟಾಗಿ ಬಹಿಷ್ಕಾರ ಹಾಕೋಕೆ ಪರವಾನಗಿ ಆಗಲ್ಲ ಅಂತ ಅಲ್ಲಿ ಸ್ಪಷ್ಟ ಆಯ್ತು.

ಡೊಂಬಿವಲಿ ಶೆಟ್ಟಿ

ಓದಿ ಓದಿ ತಲೆ ತಿರುಗ್ತಾ ಉಂಟು. ರೇಟಿನ ವಿಷಯ ಅರ್ಥ ಆಯ್ತು, ಠಾಣೆ ಅಕ್ಕ ಹೇಳಿದ್ದೂ ಸರಿ. ಆದ್ರೆ ಆ್ಯಪ್ ವಿಷಯ ನನಗೆ ಈಗಲೂ ಒಪ್ಪಿಗೆ ಆಗುವುದಿಲ್ಲ. ನಾನು ಒಬ್ಬನೇ ಹೋಗಿ ಕಮಿಷನ್ ಇಳಿಸಿ ಅಂದ್ರೆ ಫೋನ್ ಎತ್ತುವವರೂ ಇಲ್ಲ. ಅಗ್ರಿಮೆಂಟಿನಲ್ಲಿ ಒಂದು ಅಕ್ಷರ ಬದಲಾಯಿಸುವ ಹಾಗಿಲ್ಲ. ಆಚೆ ಕಡೆ ಅಷ್ಟು ದೊಡ್ಡವರು, ಈಚೆ ಕಡೆ ನಾನೊಬ್ಬ. ಇದು ಸ್ಪರ್ಧೆಯಾ?

ಮುಲುಂಡ್ ಮೇಷ್ಟ್ರು

ಶೆಟ್ಟರೇ, ನಿಮ್ಮ ಸಂಕಟ ನಿಜ. ಅದಕ್ಕೆ ಅರ್ಥಶಾಸ್ತ್ರದಲ್ಲಿ ಜಾಗವೂ ಇದೆ. ಆದರೆ ಕಮಿಷನ್ ಹೆಚ್ಚು ಎಂಬುದಕ್ಕಿಂತ ಆಳದ ತೊಂದರೆ ಬೇರೆ ಕಡೆ ಇದೆ. ನಿಮ್ಮ ಅಗ್ರಿಮೆಂಟಿನಲ್ಲಿ "ನಮ್ಮ ಆ್ಯಪಿನಲ್ಲಿರುವುದಕ್ಕಿಂತ ಕಡಿಮೆ ಬೆಲೆಗೆ ಬೇರೆಲ್ಲೂ ಮಾರಬಾರದು" ಎಂಬ ಷರತ್ತು ಇದೆಯೇ ನೋಡಿ.

ಲೆಕ್ಕ ಹಾಕೋಣ. ಒಂದು ದೋಸೆಯಿಂದ ನಿಮ್ಮ ಕೈಗೆ 80 ರೂಪಾಯಿ ಬರಬೇಕು. ಕೌಂಟರಿನಲ್ಲಿ 80ಕ್ಕೇ ಕೊಡಬಹುದು. ಆ್ಯಪ್ 25 ಪರ್ಸೆಂಟ್ ಹಿಡಿದರೆ ಅಲ್ಲಿ ಸುಮಾರು 107 ಹಾಕಬೇಕು. ಷರತ್ತು ಇಲ್ಲದಿದ್ದರೆ ಗಿರಾಕಿಗೆ ಎರಡು ಬೆಲೆ ಕಾಣುತ್ತದೆ: ನಡೆದು ಬಂದರೆ 80, ಮನೆಗೆ ಬೇಕಾದರೆ 107. ಡೆಲಿವರಿಯ ಖರ್ಚು ಎಷ್ಟೆಂದು ಅವನಿಗೆ ತಿಳಿಯುತ್ತದೆ, ಬೇಕೋ ಬೇಡವೋ ಅವನೇ ನಿರ್ಧರಿಸುತ್ತಾನೆ.

ಷರತ್ತು ಇದ್ದರೆ ಎರಡೂ ಕಡೆ ಒಂದೇ ಬೆಲೆ. ಅರ್ಧ ವ್ಯಾಪಾರ ಅಲ್ಲಿ, ಅರ್ಧ ಇಲ್ಲಿ ಎಂದುಕೊಂಡರೆ ಆ ಬೆಲೆ ಸುಮಾರು 91 ರೂಪಾಯಿ. ಅಂದರೆ ಆ್ಯಪನ್ನು ಜನ್ಮದಲ್ಲಿ ಮುಟ್ಟದ ಮುದುಕರೊಬ್ಬರು ಬಂದು ಕೂತು ದೋಸೆ ತಿಂದರೂ ಡೆಲಿವರಿಗೆಂದು 11 ರೂಪಾಯಿ ಕಟ್ಟುತ್ತಿದ್ದಾರೆ. ಠಾಣೆ ಅಕ್ಕನಿಗೆ ಆಗುವ ನಷ್ಟ ಇದೇ.

ಇನ್ನೂ ಒಂದು ಇದೆ, ನನಗೆ ಅದೇ ಹೆಚ್ಚು ಮುಖ್ಯ. ನಾಳೆ ಹೊಸ ಆ್ಯಪ್ ಒಂದು ಬಂದು "ನಮ್ಮದು 10 ಪರ್ಸೆಂಟ್ ಸಾಕು" ಎನ್ನಲಿ. ಅಲ್ಲಿ ನೀವು ದೋಸೆಯನ್ನು 89ಕ್ಕೆ ಕೊಡಬಹುದಿತ್ತು. ಹಳೆಯ ಆ್ಯಪಿನ ಷರತ್ತು ಬಿಡುವುದಿಲ್ಲ. ಕಡಿಮೆ ಕಮಿಷನ್‌ನಿಂದ ಗಿರಾಕಿಗೆ ಕಡಿಮೆ ಬೆಲೆ ಸಿಗದಿದ್ದರೆ ಹೊಸ ಆ್ಯಪಿಗೆ ಗಿರಾಕಿ ಯಾಕೆ ಬಂದಾನು? ಗಿರಾಕಿ ಇಲ್ಲದೆ ಹೋಟೆಲ್ ಬರುವುದಿಲ್ಲ, ಹೋಟೆಲ್ ಇಲ್ಲದೆ ಗಿರಾಕಿ ಬರುವುದಿಲ್ಲ. ಕಮಿಷನ್ ಇಳಿಸುವ ಪೈಪೋಟಿಯೇ ಅಲ್ಲಿಗೆ ಸಾಯುತ್ತದೆ.

ಪುಣೆ ಕುಲಕರ್ಣಿ

ಮೇಷ್ಟ್ರ, ಇದು ಭಾಳ ಚಲೋ ಹೇಳಿದ್ರಿ. 107, 91 ಲೆಕ್ಕ ಹಾಳ್ಯಾಗ ಬರದು ನೋಡಿದೆ, ಬರೋಬ್ಬರಿ ಅದ.

ನಮ್ಮ ಲೈನಿನೊಳಗೂ ಇಂಥಾದ್ದ ಒಂದು ಆಗಿತ್ತು. ನಾನು ಚಾಕಣ್ ಕಡೆ ಆಟೋ ಪಾರ್ಟ್ಸ್ ಕೆಲಸದಾಗ ಇದ್ದೀನಿ. ಕಾರು ಕೊಳ್ಳಾಗ ಹತ್ತು ಕಂಪನಿ ಇರ್ತಾವ. ಕೊಂಡ ಮ್ಯಾಲೆ ಸ್ಪೇರ್ ಪಾರ್ಟಿಗೆ ಒಂದ ಕಂಪನಿ. ಹೊರಗಿನ ಗ್ಯಾರೇಜಿಗೆ ಪಾರ್ಟು ಕೊಡೂದಿಲ್ಲ, ರಿಪೇರಿ ಮ್ಯಾನ್ಯುಅಲ್ ಕೊಡೂದಿಲ್ಲ. 2014ರ ಆಗಸ್ಟ್‌ನ್ಯಾಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತು ಆಯೋಗ. ಒಂದೊಂದು ಕಂಪನಿ ತನ್ನ ಪಾರ್ಟಿನ ಮಾರುಕಟ್ಟಿಯೊಳಗ ತಾನ ರಾಜಾ ಅಂತ ಹೇಳಿತು. ಅಂದ್ರ ಮಾರುಕಟ್ಟಿ ಅಂದ್ರೇನು ಅನ್ನೂದ್ರ ಮ್ಯಾಲೆ ಎಲ್ಲಾ ನಿಂತದ.

ಫೋರ್ಟ್ ವಕೀಲೆ

ಮೇಷ್ಟ್ರು ಹೇಳಿದ ಷರತ್ತೇ ಆಯೋಗದ ಮುಂದೆ ಬಂದ ಒಂದು ಪ್ರಕರಣದಲ್ಲೂ ಇದೆ. 2021ರಲ್ಲಿ ರಾಷ್ಟ್ರೀಯ ರೆಸ್ಟೋರೆಂಟ್ ಸಂಘ ಜೊಮ್ಯಾಟೊ, ಸ್ವಿಗ್ಗಿ ಮೇಲೆ ದೂರು ಕೊಡ್ತು. 2022ರ ಏಪ್ರಿಲ್‌ನಲ್ಲಿ ಆಯೋಗ ತನಿಖೆಗೆ ಆದೇಶ ಮಾಡ್ತು. ಮುಖ್ಯವಾಗಿ ಎರಡು ವಿಷಯಕ್ಕೆ: ಈ ಬೆಲೆ ಸಮಾನತೆಯ ಷರತ್ತು, ಮತ್ತೆ ತಮ್ಮದೇ ಪಾಲು ಇರೋ ಬ್ರಾಂಡುಗಳಿಗೆ ಆ್ಯಪಿನಲ್ಲಿ ಪಕ್ಷಪಾತ ಮಾಡ್ತಾರಾ ಅನ್ನೋದು. ಕಮಿಷನ್ ಜಾಸ್ತಿ ಅನ್ನೋ ದೂರಿಗೆ ತನಿಖೆಗೆ ಬೇಕಾದಷ್ಟು ಆಧಾರ ಇದೆ ಅಂತ ಅನಿಸಲಿಲ್ಲ. ಆಯೋಗ ದರ ನಿಗದಿ ಮಾಡೋ ಸಂಸ್ಥೆ ಅಲ್ಲ.

ಇಬ್ಬರೂ ಸೇರಿ ದೊಡ್ಡವರಲ್ವಾ ಅಂತ ಕೇಳಬಹುದು. ನಮ್ಮ ಸೆಕ್ಷನ್ 4ರಲ್ಲಿ ಸಂಬಂಧವಿಲ್ಲದ ಇಬ್ಬರು ಜಂಟಿಯಾಗಿ ಪ್ರಬಲರು ಅನ್ನೋ ಕಲ್ಪನೆಯೇ ಇಲ್ಲ. ಒಬ್ಬ ಅಥವಾ ಒಂದು ಗುಂಪು ಪ್ರಬಲ ಅಂತ ತೋರಿಸಬೇಕು. ಓಲಾ-ಊಬರ್ ವಿಷಯದಲ್ಲಿ 2017ರಲ್ಲಿ ಅದೇ ತೊಡಕು ಬಂತು. ಇದು ಕಾಯ್ದೆಯ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ, ತಿದ್ದುಪಡಿ ಆಗಲೇಬೇಕು.

ಕೊಥ್ರೂಡ್ ಹುಡ್ಗ

ಹಾಗಾದ್ರೆ ಫ್ರೀ ಕೊಡೋದು? 2016ರಲ್ಲಿ ಜಿಯೋ ಬಂದು ಎಲ್ಲ ಫ್ರೀ ಕೊಟ್ಟಾಗ ಏರ್‌ಟೆಲ್ ದೂರು ಕೊಟ್ಟಿತ್ತಲ್ಲ?

ಫೋರ್ಟ್ ವಕೀಲೆ

2017ರಲ್ಲಿ ಆಯೋಗ ಅದನ್ನ ಮುಚ್ಚಿಬಿಡ್ತು. ಆಗ ಜಿಯೋ ಹೊಸಬ, ಪ್ರಬಲ ಸ್ಥಾನ ಇರಲಿಲ್ಲ ಅನ್ನೋದು ಕಾರಣ. ಅದೇ ಮುಂಬೈನ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಕರೆನ್ಸಿ ಡೆರಿವೇಟಿವ್ಸ್ (ವಿದೇಶಿ ಹಣದ ಮುಂದಿನ ದರದ ಮೇಲಿನ ಒಪ್ಪಂದ) ವಹಿವಾಟಿಗೆ ಶುಲ್ಕವನ್ನೇ ತೆಗೆದುಹಾಕಿದಾಗ, ಎದುರಾಳಿ ಎಂಸಿಎಕ್ಸ್-ಎಸ್‌ಎಕ್ಸ್ ದೂರು ಕೊಟ್ಟು ಗೆದ್ದಿತು: 2011ರಲ್ಲಿ 55.5 ಕೋಟಿ ದಂಡ. ಬೇರೆ ವಿಭಾಗಗಳ ಗಳಿಕೆಯ ಬಲ ಎನ್‌ಎಸ್‌ಇಗೆ ಇತ್ತು, ಎದುರಾಳಿಗೆ ಇರಲಿಲ್ಲ. ಸೊನ್ನೆ ಬೆಲೆ ಎರಡೂ ಕಡೆ ಇತ್ತು, ಕೊಟ್ಟವರ ಬಲ ಬೇರೆ ಬೇರೆ ಇತ್ತು.

ಮಾಟುಂಗಾ ಭಟ್

ಸಿಲಿಂಡರ್ ಕೇಸನ್ನು ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ಗ್ಯಾಸ್ ಸಿಲಿಂಡರ್ ತಯಾರಿಸುವವರು 2010ರ ಮಾರ್ಚ್‌ನಲ್ಲಿ ಟೆಂಡರಿಗೆ ಮುಂಚೆ ಇಲ್ಲಿಯೇ ಮುಂಬೈಯ ಹೋಟೆಲೊಂದರಲ್ಲಿ ಸೇರಿದ್ರು, ಆಮೇಲೆ ಎಲ್ಲರ ರೇಟೂ ಹೆಚ್ಚುಕಡಿಮೆ ಒಂದೇ. ಆಯೋಗ ದಂಡ ಹಾಕಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ತೆಗೆದುಹಾಕಿತು! ಸೇರಿದ್ದೇ ತಪ್ಪಲ್ಲ ಅಂತ ಆಯ್ತಲ್ಲ?

ಫೋರ್ಟ್ ವಕೀಲೆ

ಭಟ್ರೇ, ಒಳ್ಳೇ ಪ್ರಶ್ನೆ. ಆ ಮಾರುಕಟ್ಟೆಯಲ್ಲಿ ಕೊಳ್ಳೋರು ಸರ್ಕಾರಿ ತೈಲ ಕಂಪನಿಗಳು ಮೂರೇ. ಸಿಲಿಂಡರಿನ ಅಳತೆ, ಗುಣಮಟ್ಟ ಎಲ್ಲ ಒಂದೇ. ಹಿಂದಿನ ವರ್ಷದ ರೇಟು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಬೆಲೆಯನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದು ಕೊಳ್ಳೋರೇ. ಇಂಥ ಕಡೆ ಮಾತಾಡಿಕೊಳ್ಳದೇ ಇದ್ರೂ ರೇಟು ಹತ್ತಿರ ಹತ್ತಿರ ಬರುತ್ತೆ ಅಂತ ಕೋರ್ಟು ಹೇಳ್ತು. ಒಪ್ಪಂದ ಆಗಿದೆಯೋ ಇಲ್ಲವೋ ಅನ್ನೋದನ್ನ ಸುತ್ತಲಿನ ಸಂಗತಿಗಳಿಂದ ಊಹಿಸಬೇಕಿತ್ತು. ನಿಮ್ಮ ಕೇಸಿನಲ್ಲಿ ಊಹೆಯ ಅಗತ್ಯವೇ ಇಲ್ಲ, ಮಿನಿಟ್ಸ್ ಬುಕ್ಕಿನಲ್ಲಿ ಬರೆದು ಸಹಿ ಹಾಕ್ತಿದೀರ!

ಪಕ್ಕದವನು ಏರಿಸಿದ್ದನ್ನ ಬೋರ್ಡಿನಲ್ಲಿ ನೋಡಿ ನೀವೂ ಏರಿಸಿದ್ರೆ ತಪ್ಪಲ್ಲ. ಎಣ್ಣೆ ರೇಟು ಏರಿದಾಗ ಎಲ್ಲರೂ ಒಂದೇ ವಾರ ಏರಿಸಿದ್ರೂ ತಪ್ಪಲ್ಲ. ಏರಿಸೋಣ ಅಂತ ಒಪ್ಪಿಕೊಳ್ಳೋದು ತಪ್ಪು.

ವಾಶಿ ರಾವ್

ದಂಡ ಎಷ್ಟು ಬೀಳುತ್ತೆ ಅದನ್ನೂ ಹೇಳಿ ಮೇಡಂ. ಆಗ ಅರ್ಥ ಆಗುತ್ತೆ.

ಫೋರ್ಟ್ ವಕೀಲೆ

ಕಾರ್ಟೆಲ್ ಆದರೆ, ನಡೆದ ಪ್ರತಿ ವರ್ಷಕ್ಕೆ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ 10 ಪರ್ಸೆಂಟ್, ಯಾವುದು ಹೆಚ್ಚೋ ಅಲ್ಲಿಯವರೆಗೆ ಹಾಕಬಹುದು. ಎಫ್‌ಸಿಐ (ಭಾರತೀಯ ಆಹಾರ ನಿಗಮ) ಗೋದಾಮುಗಳ ಧಾನ್ಯಕ್ಕೆ ಹಾಕೋ ಕೀಟನಾಶಕ ಮಾತ್ರೆಯ ಟೆಂಡರ್ ಕೇಸಿನಲ್ಲಿ, ಅಂದರೆ ಎಕ್ಸೆಲ್ ಕ್ರಾಪ್ ಕೇರ್ ಪ್ರಕರಣದಲ್ಲಿ, 2017ರಲ್ಲಿ ಸುಪ್ರೀಂ ಕೋರ್ಟು, ತಪ್ಪು ನಡೆದ ಸರಕಿನ ವಹಿವಾಟಿನ ಮೇಲೆ ಮಾತ್ರ ದಂಡ ಅಂದಿತ್ತು. 2023ರ ತಿದ್ದುಪಡಿಯಲ್ಲಿ ಸಂಸತ್ತು ಅದನ್ನ ಬದಲಾಯಿಸಿ, ಎಲ್ಲ ಸರಕಿನ ಜಾಗತಿಕ ವಹಿವಾಟು ಅಂತ ಬರೆದಿದೆ. ಸಂಘ ನಡೆಸೋರೂ ವೈಯಕ್ತಿಕವಾಗಿ ಜವಾಬ್ದಾರರು, ಸೆಕ್ಷನ್ 48. ಮೊದಲು ಬಂದು ಪೂರ್ತಿ ವಿವರ ಕೊಟ್ಟವರಿಗೆ ಸೆಕ್ಷನ್ 46ರಲ್ಲಿ ದಂಡ ನೂರಕ್ಕೆ ನೂರರಷ್ಟೂ ಕಡಿಮೆ ಆಗಬಹುದು.

ಮಾಟುಂಗಾ ಭಟ್

ಅಂದ್ರೆ ನಮ್ಮಲ್ಲೇ ಒಬ್ಬ ಹೋಗಿ ಉಳಿದವರ ಮೇಲೆ ಹೇಳಿ ತಾನು ಪಾರಾಗಬಹುದು? ಒಂದೇ ಊರಿನವರು, ಒಂದೇ ಮದುವೆ ಮನೆಯಲ್ಲಿ ಊಟ ಮಾಡುವವರು ನಾವು. ಇಂಥ ಕಾನೂನು ನನಗೆ ಒಪ್ಪಿಗೆ ಇಲ್ಲ.

ಮುಲುಂಡ್ ಮೇಷ್ಟ್ರು

ಭಟ್ಟರೇ, ಆ ಅಪನಂಬಿಕೆ ಹುಟ್ಟಲಿ ಎಂದೇ ಆ ಸೆಕ್ಷನ್ ಇಟ್ಟಿರುವುದು. ಕಾರ್ಟೆಲ್ ಗುಟ್ಟಾಗಿ ನಡೆಯುತ್ತದೆ, ಒಳಗಿನವರು ಹೇಳದೆ ಹೊರಗಿನವರಿಗೆ ತಿಳಿಯುವುದಿಲ್ಲ.

ಆದರೆ ಸಣ್ಣವರ ಬಗ್ಗೆ ನೀವು ಹೇಳುವುದರಲ್ಲಿ ಒಂದು ನ್ಯಾಯ ಇದೆ, ಅದನ್ನು ಬೇರೆ ದೇಶಗಳು ಒಪ್ಪಿವೆ. ಅಮೆರಿಕದಲ್ಲಿ 1890ರ ಶೆರ್ಮನ್ ಕಾಯ್ದೆಯನ್ನು ಕಾರ್ಮಿಕ ಸಂಘಗಳ ಮೇಲೆಯೇ ಬಳಸಿದ್ದರು. 1914ರ ಕ್ಲೇಟನ್ ಕಾಯ್ದೆ ಬಂದು, ಮನುಷ್ಯನ ದುಡಿಮೆ ಸರಕಲ್ಲ ಎಂದು ಬರೆದಿತು. ಆಸ್ಟ್ರೇಲಿಯಾದಲ್ಲಿ 2021ರ ಜೂನ್‌ನಿಂದ, ವರ್ಷಕ್ಕೆ ಒಂದು ಕೋಟಿ ಡಾಲರಿಗಿಂತ ಕಡಿಮೆ ವಹಿವಾಟಿನ ವ್ಯಾಪಾರಿಗಳು ಒಂದು ನೋಟಿಸ್ ಸಲ್ಲಿಸಿ, ದೊಡ್ಡ ಕಂಪನಿಯ ಜೊತೆ ಒಟ್ಟಾಗಿ ಚೌಕಾಸಿ ಮಾಡಬಹುದು. ಒಟ್ಟಾಗಿ ಬಹಿಷ್ಕಾರ ಹಾಕುವುದಕ್ಕೆ ಅದರಲ್ಲಿ ಅನುಮತಿ ಇಲ್ಲ. ಮಾತುಕತೆಗೆ ಇದೆ. ನಮ್ಮಲ್ಲೂ ಅಂಥದ್ದು ಯಾಕೆ ಬೇಡ?

ಫೋರ್ಟ್ ವಕೀಲೆ

ಮೇಷ್ಟ್ರ ಮಾತಿಗೆ ನನ್ನ ಪೂರ್ತಿ ಬೆಂಬಲ. ದಾರಿಯೂ ಇದೆ: ಸೆಕ್ಷನ್ 54ರಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ಹಿತಕ್ಕಾಗಿ ಒಂದು ವರ್ಗದ ಉದ್ದಿಮೆಗಳಿಗೆ ವಿನಾಯಿತಿ ಕೊಡಬಹುದು. ಹಡಗು ಕಂಪನಿಗಳು ಹಡಗಿನ ಜಾಗ ಹಂಚಿಕೊಳ್ಳೋ ಒಪ್ಪಂದಗಳಿಗೆ 2021ರಲ್ಲಿ ಕೊಟ್ಟಿದ್ರು. ಜಗತ್ತಿನ ಹಡಗಿನವರಿಗೆ ಸಿಕ್ಕಿದ್ದು ಹತ್ತು ಟೇಬಲ್ಲಿನ ಹೋಟೆಲಿಗೆ ಯಾಕೆ ಸಿಗಬಾರದು? ಸಂಘದವರು ಬಂದ್ ಮಾಡೋ ಬದಲು ಇದನ್ನ ಕೇಳಿ ಮನವಿ ಕೊಡಿ. ಸರ್ಕಾರಕ್ಕೆ ಒಟ್ಟಾಗಿ ಮನವಿ ಕೊಡೋದಕ್ಕೆ ಯಾವ ಅಡ್ಡಿಯೂ ಇಲ್ಲ.

ಡೊಂಬಿವಲಿ ಶೆಟ್ಟಿ

ಇವತ್ತು ಸೆಕ್ರೆಟರಿ ಹತ್ರ ಕೂತು ಇಡೀ ಚರ್ಚೆ ಓದಿ ಹೇಳಿದೆ. ಗೋವಾ ಕಥೆ ಕೇಳಿ ಅವರ ಮುಖ ಬದಲಾಯ್ತು. ರೇಟಿನ ನಿರ್ಣಯ, ಸಪ್ಲೈಯರ್ ನಿರ್ಣಯ ಎರಡನ್ನೂ ರದ್ದು ಮಾಡುವ ಅಂತ ಒಪ್ಪಿದ್ದಾರೆ. ನನ್ನ ಅಗ್ರಿಮೆಂಟ್ ತೆಗೆದು ನೋಡಿದೆ, ಮೇಷ್ಟ್ರು ಹೇಳಿದ ಷರತ್ತು ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಉಂಟು. ಎಲ್ಲರ ಅಗ್ರಿಮೆಂಟಲ್ಲೂ ಉಂಟಾ ಅಂತ ನೋಡಿ ಒಂದು ದೂರು ಮಾಡುವುದು ಅಂತ ಯೋಚನೆ.

ಇನ್ನೆರಡು ಪ್ರಶ್ನೆ. ಎಣ್ಣೆ, ಉದ್ದಿನಬೇಳೆ ಎಲ್ಲರೂ ಸೇರಿ ಒಟ್ಟಿಗೆ ಹೋಲ್‌ಸೇಲಲ್ಲಿ ತರಿಸಿದ್ರೆ ತೊಂದರೆ ಉಂಟಾ? ಮತ್ತೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಆ ಹೊಸ ರೇಟು ಪಟ್ಟಿ ಈಗಾಗ್ಲೇ ಬಂದಿದೆ. ಅದಕ್ಕೆ ಯಾರೂ ಸಹಿ ಮಾಡಿಲ್ಲ, ಹೆಬ್ಬೆಟ್ಟಿನ ಇಮೋಜಿ ಮಾತ್ರ ಒತ್ತಿದ್ದಾರೆ.

ಫೋರ್ಟ್ ವಕೀಲೆ

ಒಟ್ಟಿಗೆ ಖರೀದಿ: ಇಪ್ಪತ್ತು ಹೋಟೆಲ್ ಸೇರಿ ಎಣ್ಣೆ ಕೊಂಡ್ರೆ ಮುಂಬೈ ಎಣ್ಣೆ ಮಾರುಕಟ್ಟೆ ಅಲುಗಾಡಲ್ಲ, ಖರ್ಚು ಇಳಿದ್ರೆ ಗಿರಾಕಿಗೂ ಒಳ್ಳೇದು. ದಕ್ಷತೆ ಹೆಚ್ಚಿಸೋ ಜಂಟಿ ಉದ್ಯಮಕ್ಕೆ ಸೆಕ್ಷನ್ 3(3)ರ ಊಹೆಯಿಂದ ವಿನಾಯಿತಿ ಇದೆ. ಆದರೆ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಸರಿಯಾಗಿ ಮಾಡಿಸಿ. ಸೇರೋದೂ ಬಿಡೋದೂ ಅವರವರ ಇಷ್ಟ ಅಂತ ಬರೆಸಿ, ಮಾರೋ ರೇಟಿನ ಮಾತು ಅಲ್ಲಿ ಬರಲೇಬಾರದು.

ವಾಟ್ಸಾಪ್: ಸೆಕ್ಷನ್ 2(ಬಿ) ಪ್ರಕಾರ ಒಪ್ಪಂದಕ್ಕೆ ಸಹಿ ಬೇಕಿಲ್ಲ, ಬರವಣಿಗೆಯೂ ಬೇಕಿಲ್ಲ, ಒಂದು ತಿಳಿವಳಿಕೆ ಇದ್ರೆ ಸಾಕು. ಹೆಬ್ಬೆಟ್ಟಿನ ಗುರುತು ಒಪ್ಪಿಗೆ ಅಂತ ಓದಿಸಿಕೊಳ್ಳಬಹುದು. ಪಟ್ಟಿ ಡಿಲೀಟ್ ಮಾಡಬೇಡಿ, ಸಾಕ್ಷ್ಯ ಅಳಿಸಿದ ಹಾಗಾಗುತ್ತೆ. "ಈ ಪಟ್ಟಿಗೆ ನನ್ನ ಒಪ್ಪಿಗೆ ಇಲ್ಲ, ನಮ್ಮ ಹೋಟೆಲಿನ ರೇಟು ನಾನೇ ನಿರ್ಧಾರ ಮಾಡ್ತೇನೆ" ಅಂತ ಇವತ್ತೇ ಅದೇ ಗ್ರೂಪಿನಲ್ಲಿ ಬರೆಯಿರಿ. ಸೆಕ್ರೆಟರಿಯವರಿಗೂ ಬರೆಯೋಕೆ ಹೇಳಿ.

ಡೊಂಬಿವಲಿ ಶೆಟ್ಟಿ

ಈಗಷ್ಟೇ ಬರೆದು ಹಾಕಿದೆ ಮೇಡಂ. ಭಟ್ರೇ, ನೀವೂ ಆ ಗ್ರೂಪಲ್ಲಿ ಇದ್ದೀರಿ, ನೋಡಿ.